ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಓದಲು ಬಿ.ಕಾಂ., ಬಿಬಿಎ, ಬಿ.ಎಸ್ಸಿ.: ಯಾವುದರಲ್ಲಿ ಎಷ್ಟು ಕಲಿಕೆ, ಮುಂದೆ ಯಾವ ಕೆಲಸ

ಪಿಯುಸಿ ಮುಗಿಸಿ ಕಾಲೇಜುಗಳ ಪ್ರಾಸ್ಪೆಕ್ಟಸ್ ಹರಡಿಕೊಂಡು ಕೂತರೆ ಸ್ಟ್ಯಾಟಿಸ್ಟಿಕ್ಸ್ ಎಂಬ ಮಾತು ಹಲವು ಕಡೆ ಕಣ್ಣಿಗೆ ಬೀಳುತ್ತದೆ. ಬಿ.ಕಾಂ.ನಲ್ಲಿ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಎಂಬ ಪತ್ರಿಕೆ, ಬಿಬಿಎಯಲ್ಲಿ ಬಿಸಿನೆಸ್ ಅನಲಿಟಿಕ್ಸ್, ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ, ಪಕ್ಕದಲ್ಲೇ ಡೇಟಾ ಸೈನ್ಸ್. ಎಲ್ಲವೂ ಒಂದೇ ಊರಿಗೆ ಹೋಗುವ ಬಸ್ಸುಗಳು ಎಂದುಕೊಂಡು ಮನೆಗೆ ಹತ್ತಿರವಿರುವ ಕಾಲೇಜಿಗೆ ಸೇರುವವರು ಬಹಳ. ಮೂರು ವರ್ಷದ ನಂತರ ಅರ್ಜಿ ಹಾಕಲು ಹೋದಾಗ ಗೊತ್ತಾಗುತ್ತದೆ, ಕೆಲವು ಬಾಗಿಲು ಮೊದಲ ಸೆಮಿಸ್ಟರಿನಲ್ಲೇ ಮುಚ್ಚಿಹೋಗಿತ್ತು ಎಂದು.

ಹಾಗಾಗಿ ಸೇರುವ ಮೊದಲು ಮೂರು ವಿಷಯ ಕೇಳಿ. ಆರು ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರ ಎಷ್ಟು ಸೆಮಿಸ್ಟರ್ ಇದೆ? ಅದರ ಜೊತೆಗೆ ಗಣಿತ ಇದೆಯೇ? ಮಾರ್ಕ್ಸ್ ಕಾರ್ಡಿನಲ್ಲಿ ಅದು ಮುಖ್ಯ ವಿಷಯವಾಗಿ ಬರುತ್ತದೆಯೋ, ಒಂದು ಪತ್ರಿಕೆಯಾಗಿ ಬಂದುಹೋಗುತ್ತದೆಯೋ? ಮುಂದಿನ ಹೋಲಿಕೆಯೆಲ್ಲ ಈ ಮೂರು ಪ್ರಶ್ನೆಗಳ ಮೇಲೆ ನಿಂತಿದೆ.

ಬಿ.ಕಾಂ.ನಲ್ಲಿ ಸಿಗುವುದು

ಸಾಮಾನ್ಯವಾಗಿ ಒಂದು ಅಥವಾ ಎರಡು ಸೆಮಿಸ್ಟರ್. ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ, ಸಹಸಂಬಂಧ, ರಿಗ್ರೆಶನ್, ಸೂಚ್ಯಂಕ, ಕಾಲಶ್ರೇಣಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಕ್ವಾಂಟಿಟೇಟಿವ್ ಟೆಕ್ನಿಕ್ಸ್ ಎಂದು ಹೆಸರು. ಸಿಎ ಫೌಂಡೇಶನ್ ಬರೆಯುವವರಿಗೆ ಈ ಓದು ನೇರವಾಗಿ ನೆರವಾಗುತ್ತದೆ. ಅಲ್ಲಿನ 100 ಅಂಕದ ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್ ಪತ್ರಿಕೆಯಲ್ಲಿ 40 ಅಂಕ ಸಂಖ್ಯಾಶಾಸ್ತ್ರದ್ದು.

ಇದರಲ್ಲಿ ಲೆಕ್ಕ ಮಾಡುವುದನ್ನು ಕಲಿಯುತ್ತೀರಿ, ಯಾಕೆ ಹಾಗೆ ಮಾಡಬೇಕೆಂಬುದು ಬಹುಪಾಲು ಬಿಟ್ಟುಹೋಗುತ್ತದೆ. ಬೆಲೆಯೇರಿಕೆ ಅಳೆಯುವ ಲಾಸ್ಪೇರ್ ಸೂಚ್ಯಂಕಕ್ಕೆ ಮೂಲ ವರ್ಷದಲ್ಲಿ ಕೊಂಡ ಪ್ರಮಾಣ, ಪಾಶೆಗೆ ಪ್ರಸಕ್ತ ವರ್ಷದಲ್ಲಿ ಕೊಂಡ ಪ್ರಮಾಣ, ಇವೆರಡರ ಗುಣೋತ್ತರ ಸರಾಸರಿ ಫಿಶರ್ ಎಂದು ಎಲ್ಲರೂ ಬರೆಯುತ್ತಾರೆ. ಗ್ರಾಹಕ ಬೆಲೆ ಸೂಚ್ಯಂಕವನ್ನು ಲಾಸ್ಪೇರ್ ಮಾದರಿಯಲ್ಲೇ ಯಾಕೆ ಕಟ್ಟುತ್ತಾರೆ ಎಂದು ಕೇಳಿದರೆ ತಡವರಿಸುತ್ತಾರೆ. ಜನ ಎಷ್ಟೆಷ್ಟು ಕೊಳ್ಳುತ್ತಿದ್ದಾರೆ ಎಂಬುದನ್ನು ಪ್ರತಿ ತಿಂಗಳೂ ಮನೆಮನೆಗೆ ಹೋಗಿ ಕೇಳುವುದು ಆಗದ ಕೆಲಸ. ಬೆಲೆಯನ್ನಾದರೆ ಅಂಗಡಿಯಲ್ಲಿ ತಿಂಗಳು ತಿಂಗಳು ಬರೆದುಕೊಳ್ಳಬಹುದು. ಕಾರಣ ಇಷ್ಟೇ, ಆದರೆ ಕೆಲಸ ಕೊಡುವವರು ಕೇಳುವುದು ಇಂಥ ಕಾರಣವನ್ನೇ.

ಕಾಲಶ್ರೇಣಿಯಲ್ಲೂ ಅಷ್ಟೇ. ಋತುಮಾನದ ಸೂಚ್ಯಂಕ ತೆಗೆಯುವುದು ಪಠ್ಯದಲ್ಲಿದೆ. ಆದರೆ 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ಬಟ್ಟೆ ಅಂಗಡಿಯೊಂದು ಎರಡೂ ವರ್ಷದ ಮಾರ್ಚ್ ಮಾರಾಟವನ್ನು ಹಾಗೆಯೇ ಹೋಲಿಸಿದರೆ ವ್ಯಾಪಾರ ಬಿದ್ದುಹೋದಂತೆ ಕಾಣುತ್ತದೆ. ಬಿದ್ದಿರುವುದಿಲ್ಲ, ಹಬ್ಬ ಮುಂದೆ ಸರಿದಿರುತ್ತದೆ. ಚಾಂದ್ರಮಾನದ ಹಬ್ಬಗಳನ್ನು ಪ್ರತ್ಯೇಕ ಚರವಾಗಿ ಸೇರಿಸದೆ ನಮ್ಮ ಊರಿನ ಮಾರಾಟದ ಮುನ್ನಂದಾಜು ಮಾಡುವುದೇ ತಪ್ಪು. ಸಂಕ್ರಾಂತಿಗೆ ಈ ತೊಂದರೆಯಿಲ್ಲ, ಅದು ಜನವರಿ 14 ಅಥವಾ 15 ಬಿಟ್ಟು ಆಚೀಚೆ ಹೋಗುವುದಿಲ್ಲ.

ಬಿ.ಕಾಂ. ಬೇಡ ಎನ್ನುತ್ತಿಲ್ಲ. ಲೆಕ್ಕಪತ್ರ, ತೆರಿಗೆ, ಬ್ಯಾಂಕಿಂಗ್ ನಿಮ್ಮ ಮುಖ್ಯ ಆಸಕ್ತಿಯಾಗಿದ್ದು ಸಂಖ್ಯಾಶಾಸ್ತ್ರ ಕೈಗೆ ಒದಗುವ ಸಾಧನವಾಗಿ ಸಾಕು ಎಂದಾದರೆ ಇದೇ ಸರಿಯಾದ ದಾರಿ. ಸಂಖ್ಯಾಶಾಸ್ತ್ರವೇ ವೃತ್ತಿಯಾಗಬೇಕು ಎಂದಾದರೆ ಇದು ಸಾಲದು. ಎಂ.ಎಸ್ಸಿ. ಸಂಖ್ಯಾಶಾಸ್ತ್ರಕ್ಕೆ ವಿಶ್ವವಿದ್ಯಾಲಯಗಳು ಪದವಿಯಲ್ಲಿ ಆ ವಿಷಯವನ್ನು, ಹಲವು ಕಡೆ ಗಣಿತವನ್ನೂ ಕೇಳುತ್ತವೆ.

ಬಿಬಿಎ ಅನಲಿಟಿಕ್ಸ್: ಸಾಧನ ಮೊದಲು, ಸಿದ್ಧಾಂತ ಆಮೇಲೆ

ಇಲ್ಲಿ ಎಕ್ಸೆಲ್, ಪವರ್ ಬಿಐ, ಎಸ್‌ಕ್ಯೂಎಲ್, ಪೈಥಾನ್ ಬೇಗನೆ ಕೈಗೆ ಬರುತ್ತವೆ. ಅದು ಸಣ್ಣ ಲಾಭವಲ್ಲ, ಮೊದಲ ಕೆಲಸ ಸಿಗುವುದು ಬಹಳ ಸಲ ಇದರಿಂದಲೇ. ಶುಲ್ಕ ಮಾತ್ರ ಕಾಲೇಜಿನಿಂದ ಕಾಲೇಜಿಗೆ ಅಜಗಜಾಂತರ. 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಆದ್ದರಿಂದ ಕಾಲೇಜಿನ ಆ ಕೋರ್ಸಿಗೆ ಅನುಮೋದನೆ ಇದೆಯೇ ಎಂದು ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ.

ಸಿದ್ಧಾಂತವಿಲ್ಲದೆ ಸಾಧನ ಕಲಿತರೆ ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. 1,000 ಸಾಲಗಳಲ್ಲಿ 20 ವಸೂಲಾಗಲಿಲ್ಲ ಎಂದುಕೊಳ್ಳೋಣ. "ಯಾರೂ ಸಾಲ ಮುಳುಗಿಸುವುದಿಲ್ಲ" ಎಂದು ಕಣ್ಣುಮುಚ್ಚಿ ಹೇಳುವ ಮಾಡೆಲ್ ಕೂಡ 980 ಸಲ ಸರಿ, ಅಂದರೆ 98% ನಿಖರ. ಬ್ಯಾಂಕಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ, ಯಾಕೆಂದರೆ ಹಿಡಿಯಬೇಕಾಗಿದ್ದ 20ರಲ್ಲಿ ಒಂದನ್ನೂ ಹಿಡಿಯಲಿಲ್ಲ. ಪ್ರಾಜೆಕ್ಟ್ ವರದಿಯಲ್ಲಿ ನಿಖರತೆ ಎಂಬ ಒಂದೇ ಅಂಕಿ ಬರೆದು ಸಂದರ್ಶನಕ್ಕೆ ಹೋಗುವ ವಿದ್ಯಾರ್ಥಿಗಳು ಈ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತಾರೆ.

ಬಿಬಿಎ ಪಠ್ಯಕ್ರಮ ಕೈಗೆ ಸಿಕ್ಕರೆ ಸಂಭವನೀಯತೆ, ಪ್ರಾಬಬಿಲಿಟಿ ಡಿಸ್ಟ್ರಿಬ್ಯೂಶನ್, ಸ್ಯಾಂಪ್ಲಿಂಗ್, ಹೈಪಾಥಿಸಿಸ್ ಟೆಸ್ಟಿಂಗ್, ಮಲ್ಟಿಪಲ್ ಮತ್ತು ಲಾಜಿಸ್ಟಿಕ್ ರಿಗ್ರೆಶನ್ ಇವೆಯೇ ಎಂದು ಹುಡುಕಿ. ಇವುಗಳಲ್ಲಿ ಎರಡು ಮೂರು ಕಾಣೆಯಾಗಿದ್ದರೆ ಅದು ಅನಲಿಟಿಕ್ಸ್ ಎಂಬ ಹೆಸರು ಹೊತ್ತ ಸಾಮಾನ್ಯ ಬಿಬಿಎ.

ಬಿ.ಎಸ್ಸಿ. ಸಂಖ್ಯಾಶಾಸ್ತ್ರ

ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿ, ಮೂರು ಮುಖ್ಯ ವಿಷಯಗಳ ಪದ್ಧತಿ ವಾಪಸು ಬಂದಿದೆ. ಹೆಚ್ಚು ಕಾಣುವ ಜೋಡಣೆಗಳು ಎರಡು: ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಒಂದು, ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಇನ್ನೊಂದು. ಎಲ್ಲರೂ ಮೊದಲನೆಯದರ ಹಿಂದೆ ಬೀಳುತ್ತಾರೆ. ವ್ಯವಹಾರ ಕ್ಷೇತ್ರದಲ್ಲೇ ಕೆಲಸ ಮಾಡಬೇಕೆನ್ನುವವರಿಗೆ ಎರಡನೆಯದು ಅದಕ್ಕಿಂತ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಬೇಡಿಕೆ, ಬೆಲೆ, ಬಡ್ಡಿ ಅರ್ಥವಾದವರಿಗೆ ಅಂಕಿಗಳು ಬೇಗ ಮಾತಾಡುತ್ತವೆ, ಪ್ರೋಗ್ರಾಮಿಂಗನ್ನು ಹೊರಗಡೆ ಕಲಿಯಬಹುದು. ಕೆಲವು ಕಾಲೇಜುಗಳಲ್ಲಿ ಬಿ.ಎ.ಯಲ್ಲೂ ಅರ್ಥಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಬಹುದು.

ಮಕ್ಕಳು ಕಷ್ಟಪಡುವ ಜಾಗ ಹೆಚ್ಚಾಗಿ ಒಂದೇ. ಮೊದಲ ಸೆಮಿಸ್ಟರಿನ ವಿವರಣಾತ್ಮಕ ಸಂಖ್ಯಾಶಾಸ್ತ್ರ ಪಿಯುಸಿಯ ಮುಂದುವರಿಕೆಯಂತೆ ಸುಲಭವಾಗಿ ಕಾಣುತ್ತದೆ. ಆಮೇಲೆ ಗಾಮಾ, ಬೀಟಾ ಡಿಸ್ಟ್ರಿಬ್ಯೂಶನ್‌ಗಳು, ಎರಡು ಚರಗಳ ಜಂಟಿ ಡಿಸ್ಟ್ರಿಬ್ಯೂಶನ್ ಬರುತ್ತವೆ. ಅಲ್ಲಿ ಇಂಟಿಗ್ರೇಶನ್ ಗಟ್ಟಿಯಿಲ್ಲದವರು ಸೂತ್ರ ಬಾಯಿಪಾಠಕ್ಕೆ ಇಳಿಯುತ್ತಾರೆ. ಬಾಯಿಪಾಠದಲ್ಲಿ ಪಾಸಾದವರು ಐದನೇ ಸೆಮಿಸ್ಟರಿನ ಹೊತ್ತಿಗೆ ಎಸ್ಟಿಮೇಶನ್, ಟೆಸ್ಟಿಂಗ್ ಬಂದಾಗ ಕೈಚೆಲ್ಲುತ್ತಾರೆ. ಸೇರುವ ಮುಂಚಿನ ಬೇಸಿಗೆ ರಜೆಯಲ್ಲಿ ದ್ವಿತೀಯ ಪಿಯು ಗಣಿತದ ಕ್ಯಾಲ್ಕುಲಸ್ ಮತ್ತು ಮ್ಯಾಟ್ರಿಕ್ಸ್ ಅಧ್ಯಾಯಗಳನ್ನು ಇನ್ನೊಮ್ಮೆ ಮಾಡಿಕೊಂಡರೆ ಈ ಸಂಕಟದ ಮುಕ್ಕಾಲು ಭಾಗ ತಪ್ಪುತ್ತದೆ.

ಈ ಓದು ವ್ಯಾಪಾರಕ್ಕೆ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಸ್ಯಾಂಪಲ್ ಗಾತ್ರದ ಲೆಕ್ಕವೇ ಸಾಕು. ಹೊಸ ಪದಾರ್ಥವೊಂದನ್ನು ಎಷ್ಟು ಪಾಲು ಗ್ರಾಹಕರು ಕೊಳ್ಳುತ್ತಾರೆ ಎಂದು 95% ವಿಶ್ವಾಸದಲ್ಲಿ, 5 ಶೇಕಡಾ ಅಂಶದಷ್ಟು ಆಚೀಚೆಯಲ್ಲಿ ತಿಳಿಯಬೇಕು. 95% ವಿಶ್ವಾಸಕ್ಕೆ ಬರುವ 1.96ರ ವರ್ಗವನ್ನು 0.25ರಿಂದ (ಅರ್ಧಕ್ಕರ್ಧ ಜನ ಕೊಳ್ಳುತ್ತಾರೆ ಎಂದುಕೊಂಡು 0.5 × 0.5) ಗುಣಿಸಿ 0.0025ರಿಂದ (0.05ರ ವರ್ಗ) ಭಾಗಿಸಿದರೆ 384.16, ಅಂದರೆ 385 ಜನರನ್ನು ಕೇಳಬೇಕು. ಮಾಲೀಕರು "ಇನ್ನೂ ಖಚಿತವಾಗಿ ಬೇಕು, 2.5 ಅಂಶಕ್ಕೆ ಇಳಿಸಿ" ಎಂದರೆ 1,537 ಜನ. ತಪ್ಪಿನ ಅಂತರ ಅರ್ಧವಾಗಲು ಖರ್ಚು ನಾಲ್ಕು ಪಟ್ಟು. ಇದನ್ನು ಮೊದಲೇ ಹೇಳಿ ಹಣ ಉಳಿಸಬಲ್ಲವರಿಗೇ ಸಂಸ್ಥೆಗಳು ಸಂಬಳ ಕೊಡುವುದು.

ಒಂದು ಮಾತು ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ. ಪಿಯುಸಿ ವಾಣಿಜ್ಯದಲ್ಲಿ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಇರುವ ಎಸ್‌ಇಬಿಎ ಒಳ್ಳೆಯ ಜೋಡಣೆಯೇ. ಆದರೆ ಅದರಲ್ಲಿ ಗಣಿತವಿಲ್ಲ, ಗಣಿತವಿಲ್ಲದವರಿಗೆ ಬಿ.ಎಸ್ಸಿ.ಯ ಗಣಿತ ಜೋಡಣೆ ಸಿಗುವುದಿಲ್ಲ. ಸಂಖ್ಯಾಶಾಸ್ತ್ರದ ಕಡೆ ಮನಸ್ಸಿದ್ದರೆ ಭೌತ, ರಸಾಯನ, ಗಣಿತದ ಜೊತೆ ಸಂಖ್ಯಾಶಾಸ್ತ್ರವಿರುವ ಪಿಸಿಎಂಎಸ್, ಅಥವಾ ಗಣಿತವನ್ನು ಪೂರ್ಣ ವಿಷಯವಾಗಿ ಕೊಡುವ ವಾಣಿಜ್ಯ ಜೋಡಣೆ ಹುಡುಕಿ. ಬೇಸಿಕ್ ಮ್ಯಾಥ್ಸ್ ಅದಕ್ಕೆ ಸಮ ಎಂದು ನೀವೇ ಊಹಿಸಿಕೊಳ್ಳಬೇಡಿ, ಸೇರಬೇಕೆಂದಿರುವ ಕಾಲೇಜಿನಲ್ಲಿ ಕೇಳಿ.

ಮುಂದೆ ಎಂ.ಎಸ್ಸಿ.ಗೆ ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮಂಗಳಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರ ವಿಭಾಗಗಳಿವೆ. ಐಐಟಿಗಳಿಗೆ ಜ್ಯಾಮ್ ಪರೀಕ್ಷೆಯ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ: 3 ಗಂಟೆ, 60 ಪ್ರಶ್ನೆ, 100 ಅಂಕ. ವ್ಯವಹಾರದ ಕಡೆ ಹೊರಳಬೇಕೆನ್ನುವವರಿಗೆ ಐಐಎಂ ಕಲ್ಕತ್ತಾ, ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್), ಐಐಟಿ ಖರಗ್‌ಪುರ ಸೇರಿ 2015ರಲ್ಲಿ ಶುರುಮಾಡಿದ ಪಿಜಿಡಿಬಿಎ ಎಂಬ ಬಿಸಿನೆಸ್ ಅನಲಿಟಿಕ್ಸ್ ಸ್ನಾತಕೋತ್ತರ ಡಿಪ್ಲೊಮಾ ಇದೆ.

ಐಎಸ್‌ಐ ಮತ್ತು ಮದ್ರಾಸ್ ಐಐಟಿಯ ಆನ್‌ಲೈನ್ ಪದವಿ

ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಹೆಸರು ಕೇಳಿದೊಡನೆ ಮೈಸೂರು ರಸ್ತೆಯ ಬೆಂಗಳೂರು ಕೇಂದ್ರದಲ್ಲೇ ಬಿ.ಸ್ಟ್ಯಾಟ್. ಇದೆ ಎಂದು ಹಲವರು ನಂಬಿದ್ದಾರೆ. ಬಿ.ಸ್ಟ್ಯಾಟ್. ಇರುವುದು ಕೋಲ್ಕತ್ತದಲ್ಲಿ, ಬೆಂಗಳೂರಿನಲ್ಲಿರುವುದು ಬಿ.ಮ್ಯಾಥ್. 2024ರಲ್ಲಿ ಶುರುವಾದ ಡೇಟಾ ಸೈನ್ಸ್ ಪದವಿ ಮಾತ್ರ ಬೆಂಗಳೂರು ಕೇಂದ್ರದಲ್ಲೂ ಇದೆ.

ಬಿ.ಸ್ಟ್ಯಾಟ್. ಪ್ರವೇಶ ಪರೀಕ್ಷೆಯ ಬಹುಆಯ್ಕೆ ಪತ್ರಿಕೆಯಲ್ಲಿ ಹಲವು ವರ್ಷ ನಡೆದುಬಂದಿರುವ ಪದ್ಧತಿ: 30 ಪ್ರಶ್ನೆ, ಸರಿಯಾದರೆ 4, ಬಿಟ್ಟರೆ 1, ತಪ್ಪಾದರೆ 0. ಇದೇ ಒಂದು ಸಂಭವನೀಯತೆಯ ಪಾಠ. ನಾಲ್ಕು ಆಯ್ಕೆಗಳಲ್ಲಿ ಕುರುಡಾಗಿ ಒಂದನ್ನು ಗುರುತಿಸಿದರೆ ನಿರೀಕ್ಷಿತ ಅಂಕ 1, ಬಿಟ್ಟರೂ ಅಷ್ಟೇ. ಒಂದು ಆಯ್ಕೆ ಖಂಡಿತ ತಪ್ಪೆಂದು ತೆಗೆದುಹಾಕಲು ಸಾಧ್ಯವಾದರೆ 4ನ್ನು 3ರಿಂದ ಭಾಗಿಸಿದಷ್ಟು, ಅಂದರೆ 1.33. ಆಗ ಊಹಿಸುವುದೇ ಲಾಭ.

ಮದ್ರಾಸ್ ಐಐಟಿಯ ಡೇಟಾ ಸೈನ್ಸ್ ಬಿ.ಎಸ್. ಪದವಿಗೆ ಜೆಇಇ ಬೇಕಿಲ್ಲ, ಅದರದೇ ಅರ್ಹತಾ ಹಂತ ದಾಟಬೇಕು. ಫೌಂಡೇಶನ್ ಹಂತದಲ್ಲೇ ಸಂಖ್ಯಾಶಾಸ್ತ್ರದ ಎರಡು ಕೋರ್ಸುಗಳಿವೆ. ಬಿ.ಕಾಂ. ಓದುತ್ತಲೇ ಇದನ್ನೂ ಸೇರುವವರು ವಾರಕ್ಕೆ ಎಷ್ಟು ಗಂಟೆ ಬಿಡುವಿದೆ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿಕೊಳ್ಳಬೇಕು. ಎರಡು ದೋಣಿಯ ಮೇಲೆ ಕಾಲಿಟ್ಟು ಎರಡರಲ್ಲೂ ಬ್ಯಾಕ್‌ಲಾಗ್ ಉಳಿಸಿಕೊಂಡರೆ ಯಾವುದೂ ದಡ ಸೇರುವುದಿಲ್ಲ.

ಸರ್ಕಾರಿ ಕೆಲಸ: ಇಲ್ಲಿ ಸೆಮಿಸ್ಟರ್ ಎಣಿಸುತ್ತಾರೆ

ಅರ್ಹತೆಯ ಒಂದು ಸಾಲು ಓದದೆ ವರ್ಷಗಟ್ಟಲೆ ತಯಾರಿ ಮಾಡಿ ಕೊನೆಗೆ ಕೈಗೆ ಬಂದ ತುತ್ತು ಕಳೆದುಕೊಳ್ಳುವವರು ಇಲ್ಲಿ ಹೆಚ್ಚು.

ಕೇಂದ್ರ ಸರ್ಕಾರ ಪದವೀಧರರ ನೇಮಕಕ್ಕೆ ನಡೆಸುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೂಲಕ ಸಂಖ್ಯಾಶಾಸ್ತ್ರದ ಎರಡು ಹುದ್ದೆಗಳಿವೆ. ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆಗೆ ಯಾವುದೇ ಪದವಿಯ ಜೊತೆಗೆ 12ನೇ ತರಗತಿಯ ಗಣಿತದಲ್ಲಿ 60% ಅಂಕ, ಇಲ್ಲವೇ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು. ಸ್ಟ್ಯಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಗ್ರೇಡ್-2 ಹುದ್ದೆಗೆ ಪದವಿಯ ಮೂರೂ ವರ್ಷ, ಅಂದರೆ ಆರೂ ಸೆಮಿಸ್ಟರ್ ಸಂಖ್ಯಾಶಾಸ್ತ್ರ ಓದಿರಬೇಕು. ಪಿಯುಸಿ ಗಣಿತದಲ್ಲಿ 60% ತೆಗೆದು ಬಿ.ಕಾಂ. ಮಾಡಿದವರು ಮೊದಲನೆಯದಕ್ಕೆ ಅರ್ಹರು, ಎರಡನೆಯದಕ್ಕೆ ಅಲ್ಲ. ಬಿ.ಎಸ್ಸಿ. ವಿದ್ಯಾರ್ಥಿಗಳೂ ಹುಷಾರಾಗಿರಬೇಕು: ಕೊನೆಯ ವರ್ಷ ವಿಷಯ ಆಯ್ದುಕೊಳ್ಳುವಾಗ ಸಂಖ್ಯಾಶಾಸ್ತ್ರ ಕೈಬಿಟ್ಟರೆ ಈ ಹುದ್ದೆ ತಪ್ಪಿತು. ಎರಡಕ್ಕೂ ಎರಡನೇ ಹಂತದಲ್ಲಿ ಸಂಖ್ಯಾಶಾಸ್ತ್ರದ ಪ್ರತ್ಯೇಕ ಪತ್ರಿಕೆ: 100 ಪ್ರಶ್ನೆ, 200 ಅಂಕ, 2 ಗಂಟೆ. ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆ ಏಳನೇ ವೇತನ ಆಯೋಗದ 6ನೇ ಹಂತದ್ದು, ಮೂಲ ವೇತನ 35,400 ರೂಪಾಯಿಯಿಂದ ಶುರು.

ಯುಪಿಎಸ್‌ಸಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಇದಕ್ಕಿಂತ ಎತ್ತರದ್ದು. ಪದವಿಯಲ್ಲಿ ಸಂಖ್ಯಾಶಾಸ್ತ್ರ ವಿಷಯವಾಗಿರಬೇಕು ಅಥವಾ ಅದರಲ್ಲಿ ಸ್ನಾತಕೋತ್ತರ ಪದವಿ ಇರಬೇಕು. ಸಾಮಾನ್ಯ ವರ್ಗಕ್ಕೆ ವಯಸ್ಸು 21ರಿಂದ 30. ಇಂಗ್ಲಿಷ್ 100, ಸಾಮಾನ್ಯ ಜ್ಞಾನ 100, ಸಂಖ್ಯಾಶಾಸ್ತ್ರದ ನಾಲ್ಕು ಪತ್ರಿಕೆ ತಲಾ 200, ಸಂದರ್ಶನ 200, ಒಟ್ಟು 1,200 ಅಂಕ. ನಾಲ್ಕರಲ್ಲಿ ಎರಡು ಬಹುಆಯ್ಕೆ, ಎರಡು ವಿವರಣಾತ್ಮಕ. ಬಹುಆಯ್ಕೆಗಷ್ಟೇ ತಯಾರಾಗಿ ಹೋದವರು ಮೂರು ಮತ್ತು ನಾಲ್ಕನೇ ಪತ್ರಿಕೆಯಲ್ಲಿ ಪ್ರಮೇಯಗಳ ಸಾಧನೆಗಳನ್ನು (ಪ್ರೂಫ್) ಬರೆಯಲಾಗದೆ ಹಿಂದೆ ಬೀಳುತ್ತಾರೆ. ಮೂಲ ವೇತನ 56,100 ರೂಪಾಯಿಯಿಂದ. ವರ್ಷಕ್ಕೆ ಹುದ್ದೆಗಳು ಕೆಲವೇ ಹತ್ತು, ಹಾಗಾಗಿ ಇದೊಂದನ್ನೇ ನೆಚ್ಚಿ ಕೂರಬೇಡಿ. ಇದೇ ಓದು ರಿಸರ್ವ್ ಬ್ಯಾಂಕಿನ ಗ್ರೇಡ್-ಬಿ ಸಂಖ್ಯಾಶಾಸ್ತ್ರ ವಿಭಾಗದ ಪರೀಕ್ಷೆಗೂ ಒದಗುತ್ತದೆ, ಅಲ್ಲಿ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು. ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಹುದ್ದೆಗಳಿವೆ. ಅಧಿಸೂಚನೆ ಹೊರಟಾಗ ವಿದ್ಯಾರ್ಹತೆಯ ಕಾಲಮನ್ನು ನಿಮ್ಮ ಮಾರ್ಕ್ಸ್ ಕಾರ್ಡ್ ಪಕ್ಕದಲ್ಲಿಟ್ಟು ಪದಪದವಾಗಿ ಓದಿ.

ಖಾಸಗಿ ಕೆಲಸಗಳು

ಎಂಐಎಸ್ (ಆಡಳಿತಕ್ಕೆ ಬೇಕಾದ ಅಂಕಿ-ಅಂಶದ ವರದಿ ತಯಾರಿಸುವುದು) ಮತ್ತು ಡೇಟಾ ಅನಲಿಸ್ಟ್ ಕೆಲಸಕ್ಕೆ ಬಿ.ಕಾಂ., ಬಿಬಿಎ, ಬಿ.ಎಸ್ಸಿ. ಎಲ್ಲವೂ ನಡೆಯುತ್ತದೆ. ಕೇಳುವುದು ಎಕ್ಸೆಲ್ ಮತ್ತು ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಭಾಷೆ. ಹೊಸಬರು ಪದೇಪದೇ ಮಾಡುವ ತಪ್ಪು ಟೇಬಲ್‌ಗಳನ್ನು ಜಾಯಿನ್ ಮಾಡುವಾಗ. ಒಂದು ಬಿಲ್ಲಿಗೆ ಎರಡು ಸಾಮಾನು, ಎರಡು ಕಂತಿನ ಪಾವತಿ ಇದ್ದರೆ ಮೂರು ಟೇಬಲ್ ಜೋಡಿಸಿದಾಗ 4 ಸಾಲು ಹುಟ್ಟುತ್ತವೆ, ಪಾವತಿಯ ಮೊತ್ತ ಎರಡು ಪಟ್ಟಾಗಿ ಕಾಣುತ್ತದೆ. ಮೊದಲು ಪ್ರತಿ ಟೇಬಲನ್ನು ಬಿಲ್ ಸಂಖ್ಯೆಯ ಮೇಲೆ ಒಟ್ಟುಗೂಡಿಸಿ ಆಮೇಲೆ ಜಾಯಿನ್ ಮಾಡಬೇಕು. ಇದು ಗೊತ್ತಿರುವವರನ್ನು ಸಂದರ್ಶಕರು ಎರಡೇ ನಿಮಿಷದಲ್ಲಿ ಗುರುತಿಸುತ್ತಾರೆ.

ಬ್ಯಾಂಕು ಮತ್ತು ಸಾಲ ಕೊಡುವ ಸಂಸ್ಥೆಗಳ ಕ್ರೆಡಿಟ್ ರಿಸ್ಕ್ ವಿಭಾಗದಲ್ಲಿ ಲಾಜಿಸ್ಟಿಕ್ ರಿಗ್ರೆಶನ್ (ಸಾಲ ಮುಳುಗುವ ಸಂಭವವನ್ನು ಅಂದಾಜಿಸುವ ವಿಧಾನ) ದಿನನಿತ್ಯದ ಅನ್ನ. ಬಿ.ಎಸ್ಸಿ., ಎಂ.ಎಸ್ಸಿ. ಆದವರಿಗೆ ಇಲ್ಲಿ ಸ್ಪಷ್ಟ ಮೇಲುಗೈ. ಔಷಧ ಪ್ರಯೋಗಗಳ ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಇಲ್ಲದೆ ಮೇಲೇರುವುದು ಕಷ್ಟ, ಜೊತೆಗೆ ಎಸ್‌ಎಎಸ್ ತಂತ್ರಾಂಶ ಕಲಿತಿರಬೇಕು. ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ಕಂಟ್ರೋಲ್ ಚಾರ್ಟ್ (ಉತ್ಪಾದನೆ ಮಿತಿಯೊಳಗಿದೆಯೇ ಎಂದು ತೋರಿಸುವ ನಕ್ಷೆ) ಗೊತ್ತಿರುವವರು ಬೇಕು. ಸಂಖ್ಯಾಶಾಸ್ತ್ರದವರು ಅತ್ತ ನೋಡುವುದೇ ಕಡಿಮೆ, ನೋಡಬೇಕು.

ವಿಮೆ, ಪಿಂಚಣಿಗಳ ಅಪಾಯವನ್ನು ಲೆಕ್ಕ ಹಾಕುವ ಆಕ್ಚುವರಿ ದಾರಿ ಪದವಿಯ ಹೆಸರು ಕೇಳುವುದಿಲ್ಲ. 12ನೇ ತರಗತಿ ಆದವರು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾದ ಎಸಿಇಟಿ ಪ್ರವೇಶ ಪರೀಕ್ಷೆ ಬರೆಯಬಹುದು. ಆಮೇಲೆ ಸಿಎಸ್-1, ಸಿಎಂ-1 ಮುಂತಾದ ಪತ್ರಿಕೆಗಳನ್ನು ಒಂದೊಂದಾಗಿ ದಾಟಬೇಕು, ಹಲವು ವರ್ಷ ಹಿಡಿಯುತ್ತದೆ. ಪ್ರತಿ ಪತ್ರಿಕೆಗೂ ಶುಲ್ಕ. ಮನೆಯವರು ಇದನ್ನು ಮೊದಲೇ ತಿಳಿದಿರಲಿ. ಒಂದೆರಡು ಪತ್ರಿಕೆ ಪಾಸಾಗಿದ್ದರೂ ವಿಮಾ ಸಂಸ್ಥೆಗಳಲ್ಲಿ ಆರಂಭದ ಕೆಲಸಕ್ಕೆ ಬೆಲೆ ಇದೆ.

ಪ್ಲೇಸ್‌ಮೆಂಟ್ ಜಾಹೀರಾತು ಓದುವಾಗಲೂ ಇದೇ ಶಾಸ್ತ್ರ ಬಳಸಿ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ 3 ಲಕ್ಷ, ಒಬ್ಬರಿಗೆ 33 ಲಕ್ಷ ಸಿಕ್ಕಿತು ಎಂದುಕೊಳ್ಳಿ. ಸರಾಸರಿ 6 ಲಕ್ಷ, ಮಧ್ಯಾಂಕ 3 ಲಕ್ಷ. ಕಾಲೇಜಿನವರು ಸರಾಸರಿ ಹೇಳುತ್ತಾರೆ, ನೀವು ಮಧ್ಯಾಂಕ ಕೇಳಿ. ತರಗತಿಯಲ್ಲಿ ಎಷ್ಟು ಜನರಿದ್ದರು, ಅದರಲ್ಲಿ ಎಷ್ಟು ಜನರಿಗೆ ಕೆಲಸವಾಯಿತು ಎಂಬುದನ್ನೂ ಕೇಳಿ, ಕೆಲಸ ಸಿಗದವರು ಆ ಲೆಕ್ಕದಲ್ಲಿ ಬಂದೇ ಇರುವುದಿಲ್ಲ.

ಈಗಾಗಲೇ ಬಿ.ಕಾಂ. ಸೇರಿದ್ದರೆ

ಎರಡನೇ ವರ್ಷದಲ್ಲಿದ್ದರೂ ಸಮಯ ಮೀರಿಲ್ಲ. ಎಂಟು ತಿಂಗಳ ಯೋಜನೆ ಹೀಗಿರಲಿ. ಮೊದಲ ಎರಡು ತಿಂಗಳು ದ್ವಿತೀಯ ಪಿಯು ಗಣಿತದ ಡಿಫರೆನ್ಶಿಯೇಶನ್, ಇಂಟಿಗ್ರೇಶನ್, ಮ್ಯಾಟ್ರಿಕ್ಸ್, ಸಂಭವನೀಯತೆ. ನಂತರ ಮೂರು ತಿಂಗಳು 'ಸ್ವಯಂ' ಅಥವಾ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕಾ ತಾಣಗಳಲ್ಲಿ ಡಿಸ್ಟ್ರಿಬ್ಯೂಶನ್, ಎಸ್ಟಿಮೇಶನ್, ಟೆಸ್ಟಿಂಗ್. ಒಂದು ತಿಂಗಳು ಎಸ್‌ಕ್ಯೂಎಲ್. ಸ್ನಾತಕೋತ್ತರಕ್ಕೆ ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಸಿಗದಿದ್ದರೂ ಅನಲಿಟಿಕ್ಸ್ ಎಂಬಿಎ ಇದೆ. ಬಿ.ಕಾಂ. ಆದವರನ್ನು ತೆಗೆದುಕೊಳ್ಳುವ ಕಡೆ ಎಂ.ಎ. ಅರ್ಥಶಾಸ್ತ್ರ ಮಾಡಿ ಇಕನಾಮೆಟ್ರಿಕ್ಸ್ ಆರಿಸಿಕೊಳ್ಳಬಹುದು. ಇಂಡಿಯನ್ ಇಕನಾಮಿಕ್ ಸರ್ವಿಸ್ ಕೇಳುವುದು ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೇ.

ಉಳಿದ ಎರಡು ತಿಂಗಳು ಒಂದೇ ಪ್ರಾಜೆಕ್ಟಿಗೆ ಇಡಿ. ಎಲ್ಲರೂ ಮಾಡುವ ಟೈಟಾನಿಕ್ ಹಡಗಿನ ದತ್ತಾಂಶ ಬೇಡ. ಕೇಂದ್ರ ಸಾಂಖ್ಯಿಕ ಸಚಿವಾಲಯ ಉಚಿತವಾಗಿ ಕೊಡುವ ಪಿಎಲ್‌ಎಫ್‌ಎಸ್ ಉದ್ಯೋಗ ಸಮೀಕ್ಷೆಯ ಘಟಕ ಮಟ್ಟದ (ಪ್ರತಿ ವ್ಯಕ್ತಿಗೆ ಒಂದು ಸಾಲಿರುವ) ದತ್ತಾಂಶ ಇಳಿಸಿಕೊಂಡು ಕರ್ನಾಟಕದ ಸಾಲುಗಳನ್ನು ಬೇರ್ಪಡಿಸಿ, ನಗರ ಮತ್ತು ಗ್ರಾಮಗಳ ಸಂಬಳದ ವ್ಯತ್ಯಾಸ ಹುಡುಕಿ. ಅದರಲ್ಲಿ ಪ್ರತಿ ಸಾಲಿಗೂ ಒಂದು ಮಲ್ಟಿಪ್ಲೈಯರ್ ಇರುತ್ತದೆ, ಆ ಒಬ್ಬರು ಜನಸಂಖ್ಯೆಯಲ್ಲಿ ಎಷ್ಟು ಮಂದಿಯ ಪರವಾಗಿ ನಿಂತಿದ್ದಾರೆ ಎಂದು ಹೇಳುವ ತೂಕ ಅದು. ಅದನ್ನು ಬಿಟ್ಟು ಸರಾಸರಿ ತೆಗೆದರೆ ಉತ್ತರ ತಪ್ಪು. ತೂಕವಿಲ್ಲದ ಅಂಕಿ, ತೂಕವಿರುವ ಅಂಕಿ ಎರಡನ್ನೂ ಅಕ್ಕಪಕ್ಕ ಬರೆದು, ಎಷ್ಟು ವ್ಯತ್ಯಾಸ ಬಂತು, ಯಾಕೆ ಬಂತು ಎಂದು ಒಂದು ಪುಟದಲ್ಲಿ ವಿವರಿಸಿ. ಸಂದರ್ಶನಕ್ಕೆ ಹೋಗುವಾಗ ಆ ಪುಟ ರೆಸ್ಯೂಮೆಯ ಹಿಂದೆ ಲಗತ್ತಾಗಿರಲಿ.